ತಲೆಗೂ ನೆಲಕ್ಕೂ ನಡುವಿನ ಎರಡೂವರೆ ಸೆಂಟಿಮೀಟರ್

ಬೈಕಿನ ಮೇಲೆ ನೆಟ್ಟಗೆ ಕೂತವರ ತಲೆ ರಸ್ತೆಯಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಗಾಡಿ ಓಡುತ್ತಿರಲೇಬೇಕೆಂದಿಲ್ಲ. ಸಿಗ್ನಲ್‌ನಲ್ಲಿ ನಿಂತಿದ್ದಾಗ ಕಾಲಡಿಯ ಮರಳು ಜಾರಿ ಪಕ್ಕಕ್ಕೆ ಉರುಳಿದರೂ ಸಾಕು, ಆ ಒಂದೂವರೆ ಮೀಟರ್ ಇಳಿದು ನೆಲ ಮುಟ್ಟುವ ಹೊತ್ತಿಗೆ ತಲೆಯ ವೇಗ ಸೆಕೆಂಡಿಗೆ 5.4 ಮೀಟರ್ ತಲುಪಿರುತ್ತದೆ. ಗಂಟೆಯ ಲೆಕ್ಕದಲ್ಲಿ ಹೇಳುವುದಾದರೆ ಹತ್ತಿರಹತ್ತಿರ 20 ಕಿಲೋಮೀಟರ್. ಹೈಸ್ಕೂಲಿನ ಭೌತವಿಜ್ಞಾನ ಗೊತ್ತಿರುವ ಯಾರು ಬೇಕಾದರೂ ಈ ಲೆಕ್ಕ ಮಾಡಬಹುದು. ಇದರಲ್ಲಿ ಸ್ಪೀಡೋಮೀಟರಿನ ಅಂಕಿಗೆ ಜಾಗವೇ ಇಲ್ಲ. ‘ಇಲ್ಲೇ ಪಕ್ಕದ ಬೀದಿಗೆ ಹೋಗಿ ಹಾಲು ತರುತ್ತೇನೆ, ಹೆಲ್ಮೆಟ್ ಯಾಕೆ’ ಎನ್ನುವ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಹಾಲಿನ ಅಂಗಡಿಗೆ ಹೋಗುವಾಗಲೂ ತಲೆ ಇರುವುದು ಅದೇ ಎತ್ತರದಲ್ಲಿ.

ಆ ವೇಗ ಎಲ್ಲಾದರೂ ಸೊನ್ನೆಯಾಗಲೇಬೇಕು. ಎಷ್ಟು ದೂರದೊಳಗೆ ಸೊನ್ನೆಯಾಗುತ್ತದೆ ಎಂಬುದರ ಮೇಲೆ ಜೀವ ನಿಂತಿದೆ. ಬರಿತಲೆ ಡಾಂಬರಿಗೆ ಬಡಿದಾಗ ನೆತ್ತಿಯ ಚರ್ಮ ಚಪ್ಪಟೆಯಾಗಿ, ಬುರುಡೆ ಕೊಂಚ ಬಾಗಿ, ಅರ್ಧ ಸೆಂಟಿಮೀಟರ್ ದೂರ ಸಿಗುತ್ತದೆ ಅಂದುಕೊಳ್ಳೋಣ. ಅಷ್ಟರಲ್ಲೇ ನಿಲ್ಲಬೇಕಾದರೆ ತಲೆ ಗುರುತ್ವದ ಸುಮಾರು 300 ಪಟ್ಟು ದರದಲ್ಲಿ ವೇಗ ಕಳೆದುಕೊಳ್ಳಬೇಕು. ಐದು ಕಿಲೋ ತೂಗುವ ತಲೆಯ ಮೇಲೆ ಒಂದೂವರೆ ಟನ್ ಭಾರ ಹೇರಿದಷ್ಟು ಬಲ ಅದು, ಸೆಕೆಂಡಿನ ಐನೂರನೇ ಒಂದು ಭಾಗದಷ್ಟು ಹೊತ್ತು. ಈಗ ಅದೇ ತಲೆಗೆ ನಿಲ್ಲಲು ಎರಡೂವರೆ ಸೆಂಟಿಮೀಟರ್ ಕೊಡಿ. 300 ಪಟ್ಟು 60 ಪಟ್ಟಿಗೆ ಇಳಿಯುತ್ತದೆ, ಒಂದೂವರೆ ಟನ್ ಮುನ್ನೂರು ಕಿಲೋ ಆಗುತ್ತದೆ, ತಗಲುವ ಕಾಲ ಐದು ಪಟ್ಟು ಹಿಗ್ಗುತ್ತದೆ. ಇವೆಲ್ಲ ಸರಾಸರಿ ಅಂಕಿಗಳು. ಏಟಿನ ತುತ್ತತುದಿಯ ಕ್ಷಣದಲ್ಲಿ ಬಲ ಇದಕ್ಕಿಂತ ಹೆಚ್ಚೇ ಇರುತ್ತದೆ. ಆದರೂ ಒಂದು ಪೆಟ್ಟಿನಲ್ಲಿ ಬುರುಡೆ ಬಿರಿಯುವುದಕ್ಕೂ ತಲೆ ಧಿಮ್ಮೆಂದು ಎದ್ದು ಕೂರುವುದಕ್ಕೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಹೆಚ್ಚಾಗಿ ಸಿಕ್ಕ ಈ ಎರಡು ಸೆಂಟಿಮೀಟರಿನದೇ.

ಹೆಲ್ಮೆಟ್ ಅಂಗಡಿಯಲ್ಲಿ ಗಿರಾಕಿಗಳು ಮೊದಲು ಮಾಡುವ ಕೆಲಸ ಬೆರಳ ಗೆಣ್ಣಿನಿಂದ ಚಿಪ್ಪನ್ನು ಕುಟ್ಟಿ ನೋಡುವುದು. ಗಟ್ಟಿ ಸದ್ದು ಬಂದರೆ ತೃಪ್ತಿ. ಆದರೆ ಮೇಲೆ ಹೇಳಿದ ಎರಡೂವರೆ ಸೆಂಟಿಮೀಟರನ್ನು ಕೊಡುವುದು ಚಿಪ್ಪಲ್ಲ, ಒಳಗೆ ಬಟ್ಟೆಯ ಹಿಂದೆ ಕಾಣದಂತೆ ಕೂತಿರುವ ಥರ್ಮೋಕೋಲ್. ಟಿವಿ, ಫ್ರಿಜ್ ಡಬ್ಬದೊಳಗೆ ಬರುವ ಅದೇ ಪಾಲಿಸ್ಟೈರೀನ್ ನೊರೆ, ಅದಕ್ಕಿಂತ ಒತ್ತಾದದ್ದು. ಒಂದು ಲೀಟರ್ ಗಾತ್ರದ ಹೆಲ್ಮೆಟ್ ಥರ್ಮೋಕೋಲ್ ಐವತ್ತು ಅರವತ್ತು ಗ್ರಾಂ ತೂಗಬಹುದು. ಗಾತ್ರದ ನೂರಕ್ಕೆ ತೊಂಬತ್ತೈದು ಪಾಲು ಬರೀ ಗಾಳಿ. ಪೆಟ್ಟು ಬಿದ್ದಾಗ ಗಾಳಿ ತುಂಬಿದ ಆ ಪುಟ್ಟ ಪುಟ್ಟ ಕೋಶಗಳ ಗೋಡೆಗಳು ಒಂದರ ಹಿಂದೊಂದು ಕುಸಿಯುತ್ತವೆ. ಕುಸಿಯುವುದಕ್ಕೆ ಖರ್ಚಾಗುವ ಶಕ್ತಿ ತಲೆಯ ಚಲನಶಕ್ತಿಯಿಂದಲೇ ಹೋಗಬೇಕು. ಸ್ಪ್ರಿಂಗಿನ ಹಾಗೆ ಅದು ಶಕ್ತಿಯನ್ನು ಹಿಂತಿರುಗಿಸುವುದಿಲ್ಲ. ನಜ್ಜಾದದ್ದು ನಜ್ಜಾಗಿಯೇ ಉಳಿಯುತ್ತದೆ. ಚಿಪ್ಪಿನ ಪಾತ್ರ ಬೇರೆ. ಕಲ್ಲಿನ ಮೊನೆಯಂಥ ಒಂದು ಬಿಂದುವಿನ ಏಟನ್ನು ಅಗಲಕ್ಕೆ ಹಂಚುವುದು, ಚೂಪಾದದ್ದು ಒಳತೂರದಂತೆ ತಡೆಯುವುದು, ಡಾಂಬರಿನ ಮೇಲೆ ಸಿಕ್ಕಿಕೊಳ್ಳದೆ ಜಾರುವುದು. ಚಿಪ್ಪು ಎಷ್ಟೇ ಗಟ್ಟಿಯಿದ್ದರೂ ಒಳಗೆ ಥರ್ಮೋಕೋಲ್ ಇಲ್ಲದಿದ್ದರೆ, ಅಥವಾ ರಸ್ತೆ ಬದಿಯ ಅಗ್ಗದ ‘ಟೋಪಿ’ಗಳಲ್ಲಿರುವಂತೆ ತೆಳ್ಳನೆಯ ಸ್ಪಂಜು ಮಾತ್ರ ಇದ್ದರೆ, ನಿಲ್ಲಲು ದೂರವೇ ಸಿಗುವುದಿಲ್ಲ.

ಈ ಅರಿವು ಬರಲು ವೈದ್ಯರಿಗೂ ಎಂಜಿನಿಯರುಗಳಿಗೂ ಹಲವು ದಶಕ ಬೇಕಾಯಿತು. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನ ವೈದ್ಯ ಎರಿಕ್ ಗಾರ್ಡ್ನರ್ ಕ್ಯಾನ್ವಾಸ್ ಬಟ್ಟೆಗೆ ಅರಗು ಬಳಿದು ಗಟ್ಟಿ ಮಾಡಿದ ಟೋಪಿಯೊಂದನ್ನು ರೂಪಿಸಿದ್ದ. 1914ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ರೇಸಿನಲ್ಲಿ ಸವಾರರು ಅದನ್ನು ಹಾಕಿಕೊಂಡರು. ರೇಸಿನ ಹೊರಗೆ ಅದರ ಗೋಜಿಗೆ ಯಾರೂ ಹೋಗಲಿಲ್ಲ. 1935ರ ಮೇ 13ರಂದು ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಜಗತ್ತಿಗೆಲ್ಲ ಗೊತ್ತಿದ್ದ ಟಿ. ಇ. ಲಾರೆನ್ಸ್, ಡಾರ್ಸೆಟ್‌ನ ತನ್ನ ಮನೆಯ ಸಮೀಪ, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ತನ್ನ ಬ್ರೋ ಸುಪೀರಿಯರ್ ಬೈಕಿನಿಂದ ಹಾರಿಬಿದ್ದ. ತಲೆಗೆ ಪೆಟ್ಟಾಗಿತ್ತು. ಆರು ದಿನ ಪ್ರಜ್ಞೆಯೇ ಬರದೆ ತೀರಿಕೊಂಡ. ಅವನನ್ನು ನೋಡಲು ಬಂದ ವೈದ್ಯರಲ್ಲಿ ಆಸ್ಟ್ರೇಲಿಯಾದಿಂದ ಬಂದು ನೆಲೆಸಿದ್ದ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು.

ಲಾರೆನ್ಸನ ಸಾವು ಕೇರ್ನ್ಸರನ್ನು ಕಾಡಿತು ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆಮೇಲೆ ಅವರು ಮಾಡಿದ ತಾಳ್ಮೆಯ ಕೆಲಸ. ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸೈನ್ಯದ ಸಂದೇಶವಾಹಕರು ದೀಪ ಆರಿಸಿದ ರಸ್ತೆಗಳಲ್ಲಿ ಬೈಕ್ ಓಡಿಸುತ್ತಿದ್ದರು. ಯುದ್ಧದ ಮೊದಲ 21 ತಿಂಗಳಲ್ಲಿ 2,279 ಸವಾರರೂ ಹಿಂಬದಿ ಸವಾರರೂ ರಸ್ತೆ ಅಪಘಾತಗಳಲ್ಲಿ ಸತ್ತರು. 1941ರ ಅಕ್ಟೋಬರಿನಲ್ಲಿ ಕೇರ್ನ್ಸ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಾವು ಕಂಡ ಪ್ರಕರಣಗಳನ್ನು ಮುಂದಿಟ್ಟರು. ಅವುಗಳಲ್ಲಿ ಹೆಲ್ಮೆಟ್ ಹಾಕಿದ್ದವರು ಏಳೇ ಜನ. ಏಳೂ ಜನ ಬದುಕಿದ್ದರು. ಏಳರ ಲೆಕ್ಕ ಪುರಾವೆಯಾಗಲು ತೀರಾ ಚಿಕ್ಕದು ಎನ್ನುವುದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ. ಆ ವರ್ಷದ ನವೆಂಬರಿನಲ್ಲಿ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿದ ಮೇಲೆ ಸಾವುಗಳ ರೇಖೆ ಹೇಗೆ ಇಳಿಯಿತೆಂದು ಅವರು ಯುದ್ಧದುದ್ದಕ್ಕೂ ಗಮನಿಸುತ್ತಲೇ ಇದ್ದು, 1946ರಲ್ಲಿ ಮತ್ತೆ ಬರೆದರು. ಬ್ರಿಟನ್ನಿನ ಎಲ್ಲ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾದದ್ದು 1973ರಲ್ಲಿ. ಕೇರ್ನ್ಸ್ ತೀರಿಕೊಂಡು ಆಗಲೇ ಎರಡು ದಶಕ ಕಳೆದಿತ್ತು.

ಎರಡು ಪದರದ ಈಗಿನ ಹೆಲ್ಮೆಟ್ ಹುಟ್ಟಿದ್ದು ಅಮೆರಿಕದಲ್ಲಿ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಲೊಂಬಾರ್ಡ್ ಮತ್ತು ಹರ್ಮನ್ ರಾತ್, ಗಟ್ಟಿ ಚಿಪ್ಪಿನೊಳಗೆ ಶಕ್ತಿ ಹೀರುವ ನೊರೆಯಿಟ್ಟ ವಿನ್ಯಾಸವೊಂದಕ್ಕೆ ಪೇಟೆಂಟ್ ಕೋರಿದರು. ಅದು 1953ರಲ್ಲಿ ಸಿಕ್ಕಿತು. ಅಲ್ಲಿಯವರೆಗಿನ ಹೆಲ್ಮೆಟ್ಟುಗಳ ಯೋಚನೆಯೆಲ್ಲ ತಡೆದುಕೊಳ್ಳುವುದರ ಸುತ್ತ ಇತ್ತು. ಇವರಿಬ್ಬರೂ ತಲೆಯ ಬದಲಿಗೆ ಸೋತು ಹಾಳಾಗುವ ಒಂದು ವಸ್ತುವನ್ನು ಬೇಕೆಂದೇ ನಡುವೆ ಇಟ್ಟರು. ಇಂದಿನ ರಕ್ಷಣಾ ಸಾಮಗ್ರಿಗಳಲ್ಲಿ ಕೊಂಡುಕೊಳ್ಳಲು ಯೋಗ್ಯವಾದುದೆಲ್ಲ ಈ ಯೋಚನೆಯ ಸಂತಾನವೇ.

ಹಾಗಾದರೆ ನೊರೆ ಎಷ್ಟು ಮೆತ್ತಗಿರಬೇಕು? ತೀರಾ ಮೆತ್ತಗಿದ್ದರೆ ಏಟು ಮುಗಿಯುವ ಮೊದಲೇ ಪೂರ್ತಿ ಕುಸಿದು ತಳ ಮುಟ್ಟುತ್ತದೆ; ಆಮೇಲೆ ಉಳಿಯುವುದು ಬರಿತಲೆಯ ಲೆಕ್ಕ. ತೀರಾ ಗಟ್ಟಿಯಿದ್ದರೆ ಸಣ್ಣ ಏಟುಗಳಿಗೆ ಕುಸಿಯುವುದೇ ಇಲ್ಲ. ಯುರೋಪಿನ ಹಿಂದಿನ ಮಾನದಂಡದಲ್ಲಿ ಹೆಲ್ಮೆಟ್ಟನ್ನು ಸೆಕೆಂಡಿಗೆ 7.5 ಮೀಟರ್, ಅಂದರೆ ಗಂಟೆಗೆ 27 ಕಿಲೋಮೀಟರ್ ವೇಗದಲ್ಲಿ ಕಬ್ಬಿಣದ ದಿಂಡಿಗೆ ಬಡಿಯುತ್ತಿದ್ದರು. ‘ಇಷ್ಟೇನಾ?’ ಎಂದು ಕೇಳುವವರು ಮೊದಲಿನ ಲೆಕ್ಕವನ್ನು ನೆನೆಯಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಜಾರಿ ಬಿದ್ದವರ ತಲೆ ನೆಲಕ್ಕೆ ಲಂಬವಾಗಿ ಅಪ್ಪಳಿಸುವುದು ಎತ್ತರದಿಂದ ಬಂದ ಸುಮಾರು 20 ಕಿಲೋಮೀಟರ್ ವೇಗದಲ್ಲಿ. ಉಳಿದ ವೇಗ ರಸ್ತೆಗೆ ಸಮಾನಾಂತರವಾಗಿ ಇರುತ್ತದೆ. ಎದುರಿಗೆ ಲಾರಿಯೋ ಕಂಬವೋ ಇದ್ದರೆ ಮಾತ್ರ ಆ ಪೂರ್ತಿ ವೇಗವನ್ನು ಒಮ್ಮೆಲೇ ತೀರಿಸಬೇಕಾಗುತ್ತದೆ. ಅಂಥ ಏಟಿಗೆ ಯಾವ ಹೆಲ್ಮೆಟ್ಟೂ ಭರವಸೆ ಕೊಡಲಾರದು ಎನ್ನುವುದನ್ನೂ ನೇರವಾಗಿ ಹೇಳಬೇಕು.

ರಸ್ತೆಗೆ ಸಮಾನಾಂತರವಾಗಿ ಉಳಿದ ಆ ವೇಗ ನಿರಪಾಯವೇನಲ್ಲ. ಓರೆಯಾಗಿ ತಗುಲಿದ ಏಟು ತಲೆಯನ್ನು ಗಕ್ಕನೆ ತಿರುಗಿಸುತ್ತದೆ. ಕೇರ್ನ್ಸರ ಜೊತೆ ಆಕ್ಸ್‌ಫರ್ಡ್‌ನಲ್ಲಿ ಕೆಲಸ ಮಾಡುತ್ತಿದ್ದ ಭೌತವಿಜ್ಞಾನಿ ಹೋಲ್ಬೋರ್ನ್ ಇದನ್ನು 1943ರಲ್ಲೇ ಕಂಡುಕೊಂಡಿದ್ದರು. ಮೆದುಳಿನ ಆಕಾರದ ಜೆಲಟಿನ್ ಮಾದರಿಗಳನ್ನು ತಿರುಗಿಸಿ, ಒಳಗೆ ಎಲ್ಲೆಲ್ಲಿ ಎಳೆತ ಹುಟ್ಟುತ್ತದೆಂದು ನೋಡಿದರು. ಮೆದುಳು ಬಹುಪಾಲು ನೀರು. ಎಲ್ಲ ಕಡೆಯಿಂದ ಅದುಮಿದರೆ ಅದು ಸುಲಭವಾಗಿ ಕುಗ್ಗುವುದಿಲ್ಲ, ಕೆಡುವುದೂ ಇಲ್ಲ. ಪದರದ ಮೇಲೆ ಪದರ ಪಕ್ಕಕ್ಕೆ ಜಾರುವ ಎಳೆತವನ್ನು ಮಾತ್ರ ಅದು ಸ್ವಲ್ಪವೂ ತಾಳದು. ಬುರುಡೆ ತಿರುಗುತ್ತದೆ, ಮೆದುಳು ಜಡತ್ವದಿಂದ ಹಿಂದೆ ಉಳಿಯುತ್ತದೆ, ನಡುವೆ ನರತಂತುಗಳು ಹಿಗ್ಗಿ ಹರಿಯುತ್ತವೆ, ಸೇತುವೆಯಂತಿರುವ ಸಿರೆಗಳು ಕಿತ್ತುಹೋಗಿ ರಕ್ತ ಸೋರುತ್ತದೆ. ಬುರುಡೆಯಲ್ಲಿ ಒಂದು ಬಿರುಕೂ ಇಲ್ಲದೆ ತಿಂಗಳುಗಟ್ಟಲೆ ಕೋಮಾದಲ್ಲಿ ಮಲಗಿರುವವರ ಮೆದುಳಿನಲ್ಲಿ ಅನೇಕ ವೇಳೆ ಆಗಿರುವುದು ಇದೇ. ಹೋಲ್ಬೋರ್ನ್ ಹೇಳಿದ್ದನ್ನು ಹೆಲ್ಮೆಟ್ ಪರೀಕ್ಷೆಗಳು ಕಿವಿಗೆ ಹಾಕಿಕೊಳ್ಳಲು ಮುಕ್ಕಾಲು ಶತಮಾನವೇ ಹಿಡಿಯಿತು. ಸ್ಟಾಕ್‌ಹೋಮಿನ ನರಶಸ್ತ್ರಚಿಕಿತ್ಸಕ ಹಾನ್ಸ್ ಫೋನ್ ಹೋಲ್ಸ್ಟ್ ಮತ್ತು ಸಂಶೋಧಕ ಪೀಟರ್ ಹಾಲ್ಡಿನ್, ಹೆಲ್ಮೆಟ್ಟಿನೊಳಗೆ ಕೆಲವು ಮಿಲಿಮೀಟರ್ ಅತ್ತಿತ್ತ ಜಾರಬಲ್ಲ ತೆಳು ಪದರವೊಂದನ್ನು ಸೇರಿಸುವ ದಾರಿಯನ್ನು 1990ರ ದಶಕದಿಂದ ಬೆಳೆಸಿದರು. ಈಗ ಅಂಗಡಿಗಳಲ್ಲಿ ಮಿಪ್ಸ್ ಎಂಬ ಹಳದಿ ಗುರುತಿನಲ್ಲಿ ಕಾಣುವುದು ಅದೇ. ಯುರೋಪಿನ ಈಗಿನ ಮಾನದಂಡ ಇಸಿಇ 22.06, ಹೆಲ್ಮೆಟ್ಟನ್ನು 45 ಡಿಗ್ರಿ ಓರೆಯಾದ ಒರಟು ದಿಂಡಿನ ಮೇಲೆ ಬೀಳಿಸಿ ತಲೆ ಎಷ್ಟು ತಿರುಗಿತೆಂದು ಅಳೆಯುತ್ತದೆ. ಕಡಿಮೆ ವೇಗದ ಹಾಗೂ ಹೆಚ್ಚು ವೇಗದ ಏಟುಗಳನ್ನೂ ಸೇರಿಸಿಕೊಂಡಿದೆ. ಕೊಳ್ಳುವ ಹೆಲ್ಮೆಟ್ಟಿನ ಮೇಲೆ ಐಎಸ್‌ಐ ಗುರುತಿನ ಜೊತೆ 22.06 ಕೂಡ ಇದ್ದರೆ, ಹಣವೂ ಹೊಂದಿದರೆ, ಅದನ್ನೇ ಆರಿಸಿ ಎನ್ನುತ್ತೇನೆ.

ಪೂರ್ತಿ ಮುಖ ಮುಚ್ಚುವುದೋ, ಅರ್ಧವೋ? ಇದರಲ್ಲಿ ಚರ್ಚೆಗೆ ಹೆಚ್ಚು ಜಾಗವಿಲ್ಲ. ಜರ್ಮನಿಯ ಹ್ಯಾನೋವರಿನಲ್ಲಿ ಡೀಟ್ಮಾರ್ ಓಟೆ ಅಪಘಾತಕ್ಕೀಡಾದ ಹೆಲ್ಮೆಟ್ಟುಗಳನ್ನು ಸಂಗ್ರಹಿಸಿ ಏಟು ಎಲ್ಲಿ ಬಿದ್ದಿದೆಯೆಂದು ಗುರುತಿಸಿದಾಗ, ಮೂರರಲ್ಲಿ ಒಂದಕ್ಕೂ ಹೆಚ್ಚು ಏಟು ಗಲ್ಲದ ಸುತ್ತಲೇ ಬಿದ್ದಿತ್ತು. ಮುಖ ತೆರೆದ ಹೆಲ್ಮೆಟ್ ಅಷ್ಟೂ ಏಟಿಗೆ ಬಾಗಿಲು ತೆರೆದಿಟ್ಟಂತೆ. ಬರೀ ನೆತ್ತಿ ಮುಚ್ಚುವ ಟೋಪಿಯನ್ನಂತೂ ಪೊಲೀಸರ ಕಣ್ಣಿಗೆ ತೋರಿಸಲೆಂದೇ ಕೊಳ್ಳುತ್ತಾರೆ. ಗಲ್ಲದ ಭಾಗ ಮೇಲಕ್ಕೆತ್ತುವ ಮಾದರಿಗಳಲ್ಲಿ, ಅದನ್ನು ಎತ್ತಿಟ್ಟು ಓಡಿಸಲು ಪ್ರಮಾಣಪತ್ರ ಇದೆಯೇ ಎಂದು ಕೇಳಬೇಕು. ಇಲ್ಲದಿದ್ದರೆ ಕೆಳಗಿಳಿಸಿಯೇ ಓಡಿಸಬೇಕು.

ಆದರೆ ದುಬಾರಿ ಹೆಲ್ಮೆಟ್ಟನ್ನೂ ನಿಷ್ಪ್ರಯೋಜಕ ಮಾಡುವುದು ಅಳತೆ. ಹುಬ್ಬಿನ ಮೇಲೆ ಒಂದಂಗುಲ ಬಿಟ್ಟು, ಹಿಂದಲೆಯ ಉಬ್ಬಿನ ಮೇಲೆ ಹಾಯಿಸಿ ಟೇಪಿನಿಂದ ಸುತ್ತಳತೆ ತೆಗೆಯಿರಿ. ಆ ಅಂಕಿ ಮೊದಲ ಅಂದಾಜು ಮಾತ್ರ. ಕೆಲವರ ತಲೆ ಉದ್ದುದ್ದ, ಕೆಲವರದು ದುಂಡಗೆ, ಸುತ್ತಳತೆ ಎರಡಕ್ಕೂ ಒಂದೇ ಇರಬಹುದು. ಹಾಕಿಕೊಂಡಾಗ ಕೆನ್ನೆಗಳು ಒತ್ತಿ ಬಾಯಿ ಸ್ವಲ್ಪ ಮುಂದೆ ಬರುವಷ್ಟು ಬಿಗಿ ಇರಬೇಕು. ಹೊಸತರಲ್ಲಿ ಹಿಡಿದಂತೆ ಅನಿಸಿದರೂ ಕೆನ್ನೆಯ ಪ್ಯಾಡು ವಾರಗಳಲ್ಲಿ ಹದಕ್ಕೆ ಬರುತ್ತದೆ. ಹಣೆಯ ಒಂದೇ ಬಿಂದುವಿನಲ್ಲಿ ನೋವು ಬಂದರೆ ಆ ಆಕಾರ ನಿಮ್ಮದಲ್ಲ. ಅಂಗಡಿಯಲ್ಲೇ ಹದಿನೈದು ನಿಮಿಷ ಹಾಕಿಕೊಂಡು ನಿಲ್ಲಿ, ಅಂಗಡಿಯವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ. ಸ್ಟ್ರ್ಯಾಪ್ ಬಿಗಿದು, ಹಿಂದಿನ ಅಂಚನ್ನು ಹಿಡಿದು ಮೇಲಕ್ಕೂ ಮುಂದಕ್ಕೂ ಜೋರಾಗಿ ತಳ್ಳಲು ಜೊತೆಗಾರರಿಗೆ ಹೇಳಿ. ಕಳಚಿ ಬಂದರೆ ಬೇಡ. ಅಪಘಾತದಲ್ಲಿ ಮೊದಲ ಏಟು ಬೀಳುವ ಮುಂಚೆಯೇ ಹೆಲ್ಮೆಟ್ ಹಾರಿಹೋಗುವುದು ಉಂಟು. ಸ್ಟ್ರ್ಯಾಪ್ ಹಾಕದೆ ತಲೆಯ ಮೇಲೆ ಇಟ್ಟುಕೊಂಡು ಹೋಗುವವರನ್ನು ದಿನವೂ ನೋಡುತ್ತೇವೆ. ಅವರ ತಲೆಯ ಮೇಲಿರುವ ಒಂದೂಕಾಲು ಕಿಲೋ ತೂಕ ಬೇಕಾದ ಹೊತ್ತಿಗೆ ಜೊತೆಗಿರುವುದಿಲ್ಲ.

ನಮ್ಮಲ್ಲಿ ಐಎಸ್ 4151 ಮಾನದಂಡ ಪಾಲಿಸದ ದ್ವಿಚಕ್ರ ಹೆಲ್ಮೆಟ್ ಮಾರುವುದು 2021ರ ಜೂನ್ 1ರಿಂದ ಕಾನೂನುಬಾಹಿರ. ಐಎಸ್‌ಐ ಗುರುತಿನ ಸ್ಟಿಕರ್ ಅಚ್ಚು ಹಾಕುವುದು ಕಷ್ಟವೇನಲ್ಲವಾದ್ದರಿಂದ ಗುರುತಿನ ಕೆಳಗಿರುವ ಸಿಎಂ/ಎಲ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ. ತಯಾರಕರ ಹೆಸರು ಹೊಂದಬೇಕು. ಒಮ್ಮೆ ಜೋರಾಗಿ ಏಟು ತಿಂದ ಹೆಲ್ಮೆಟ್ಟನ್ನು, ಹೊರಗೆ ಗೀರು ಮಾತ್ರ ಕಂಡರೂ, ಮತ್ತೆ ಹಾಕಬಾರದು. ಆ ಜಾಗದ ನೊರೆ ತನ್ನ ಎರಡೂವರೆ ಸೆಂಟಿಮೀಟರನ್ನು ಖರ್ಚು ಮಾಡಿಯಾಗಿದೆ. ಸ್ಟ್ರ್ಯಾಪ್ ಕತ್ತರಿಸಿ ಎಸೆದರೆ ಇನ್ನೊಬ್ಬರು ಎತ್ತಿಕೊಂಡು ಬಳಸುವುದೂ ತಪ್ಪುತ್ತದೆ. ಪೆಟ್ರೋಲ್, ತಿನ್ನರ್ ಥರ್ಮೋಕೋಲನ್ನು ಕರಗಿಸುತ್ತವೆ. ಪಾಲಿಕಾರ್ಬೊನೇಟ್ ಚಿಪ್ಪಿಗೆ ಪೇಂಟ್ ಬಳಿದರೆ ಕಣ್ಣಿಗೆ ಕಾಣದ ಬಿರುಕು ಹುಟ್ಟಬಹುದು. ಕನ್ನಡಿಗೆ ಸಿಕ್ಕಿಸಿದರೆ ಕನ್ನಡಿಯ ಮೊನೆ ಒಳಗಿನ ನೊರೆಯನ್ನು ತಗ್ಗು ಮಾಡುತ್ತದೆ.

ಹೆಲ್ಮೆಟ್ಟಿನಿಂದ ಕತ್ತು ಮುರಿಯುತ್ತದೆ ಎನ್ನುವವರು ಇನ್ನೂ ಇದ್ದಾರೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ವೈದ್ಯರು 2011ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಹೆಲ್ಮೆಟ್ ಹಾಕಿದ್ದವರಿಗೆ ಕತ್ತಿನ ಮೂಳೆಯ ಗಾಯದ ಸಾಧ್ಯತೆ ಶೇ. 22ರಷ್ಟು ಕಡಿಮೆಯೇ ಇತ್ತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2008ರ ಕಾಕ್ರೇನ್ ಸಮೀಕ್ಷೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಶೇ. 42, ತಲೆಪೆಟ್ಟಿನ ಅಪಾಯವನ್ನು ಶೇ. 69 ತಗ್ಗಿಸುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಜನ. ಅವರಲ್ಲಿ 14,337 ಜನ ಹಿಂದೆ ಕೂತವರು. ಗಂಡನ ತಲೆಯ ಮೇಲೆ ಹೆಲ್ಮೆಟ್, ಹಿಂದೆ ಕೂತ ಹೆಂಡತಿಯ ತಲೆ ಬರಿದು, ನಡುವೆ ಮಗುವಿನ ತಲೆಯೂ ಬರಿದು: ನಮ್ಮ ಪ್ರತಿ ಊರಿನ ಈ ನೋಟವನ್ನು ಆ ಅಂಕಿಯ ಪಕ್ಕದಲ್ಲಿಟ್ಟು ನೋಡಿದರೆ ಸಂಕಟವಾಗುತ್ತದೆ. ಭೌತನಿಯಮ ಇವರಲ್ಲಿ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಕಾನೂನೂ ಕೊಡುವುದಿಲ್ಲ. ನಾಲ್ಕು ವರ್ಷ ದಾಟಿದವರಿಗೆ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಜೊತೆಗೆ ಸವಾರರಿಗೆ ಕಟ್ಟಿಕೊಳ್ಳುವ ಬೆಲ್ಟೂ ಇರಬೇಕು, ವೇಗ 40 ಕಿಲೋಮೀಟರ್ ಮೀರಬಾರದು ಎಂದು 2022ರಲ್ಲಿ ನಿಯಮವಾಗಿದೆ. ದೊಡ್ಡವರ ಹೆಲ್ಮೆಟ್ಟನ್ನು ಮಗುವಿಗೆ ಹಾಕುವುದು ಪರಿಹಾರವಲ್ಲ, ಸಡಿಲವಾದದ್ದು ಉದುರುತ್ತದೆ.

ಸೆಖೆ ನಿಜವಾದ ತೊಂದರೆ. ಏಪ್ರಿಲ್‌ನಲ್ಲಿ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಪೂರ್ತಿ ಮುಖದ ಹೆಲ್ಮೆಟ್ ಹಾಕಿ ಎನ್ನುವವರು ಅದರ ಕಷ್ಟವನ್ನು ಒಪ್ಪಿಕೊಂಡೇ ಮಾತಾಡಬೇಕು. ನಮ್ಮಂತೆಯೇ ಸೆಖೆಯ, ಜನಸಂಖ್ಯೆಯ ಲೆಕ್ಕದಲ್ಲಿ ನಮಗಿಂತಲೂ ಬೈಕು ಹೆಚ್ಚಿರುವ ವಿಯೆಟ್ನಾಂ 2007ರ ಡಿಸೆಂಬರ್ 15ರಂದು ಎಲ್ಲ ರಸ್ತೆಗಳಲ್ಲೂ ಹೆಲ್ಮೆಟ್ ಕಡ್ಡಾಯ ಮಾಡಿತು. ಹವೆಗೆ ಹೊಂದುವ ಹಗುರ ಹೆಲ್ಮೆಟ್ಟುಗಳನ್ನು ಅಲ್ಲಿ ಅದಕ್ಕೂ ಮೊದಲೇ ತಯಾರಿಸತೊಡಗಿದ್ದರು. ಮೊದಲ ಮೂರು ತಿಂಗಳಲ್ಲೇ, ನಿಗಾ ಇಟ್ಟಿದ್ದ ಆಸ್ಪತ್ರೆಗಳಲ್ಲಿ ರಸ್ತೆ ಅಪಘಾತದ ತಲೆಪೆಟ್ಟು ಶೇ. 16, ಸಾವು ಶೇ. 18 ಇಳಿಯಿತು. ಗಲ್ಲದ ಮೇಲೂ ನೆತ್ತಿಯ ಮೇಲೂ ಗಾಳಿಕಿಂಡಿ ಇರುವ, ಹಿಂದಿನಿಂದ ಗಾಳಿ ಹೊರಹೋಗುವ, ಒಳಬಟ್ಟೆ ಬಿಚ್ಚಿ ಒಗೆಯಬಹುದಾದ ಮಾದರಿ ನಮ್ಮ ಬಿಸಿಲುನಾಡಿಗೆ ತಕ್ಕುದು. ತಿಳಿ ಬಣ್ಣವೂ ಒಳ್ಳೆಯದೇ. ನ್ಯೂಜಿಲೆಂಡಿನ 2004ರ ಅಧ್ಯಯನವೊಂದರಲ್ಲಿ, ಕಪ್ಪು ಹೆಲ್ಮೆಟ್ಟಿಗೆ ಹೋಲಿಸಿದರೆ ಬಿಳಿ ಹೆಲ್ಮೆಟ್ಟಿನವರಿಗೆ ಅಪಘಾತದ ಅಪಾಯ ಶೇ. 24 ಕಡಿಮೆ ಕಂಡಿತು. ಹೊಳೆಯುವ ಉಡುಪು ತೊಟ್ಟವರಿಗೆ ಶೇ. 37 ಕಡಿಮೆ. ಎದುರಿನವರ ಕಣ್ಣಿಗೆ ಬೀಳುವುದೂ ಒಂದು ರಕ್ಷಣೆಯೇ.

ಉಡುಪಿನ ವಿಷಯಕ್ಕೆ ಬರೋಣ. ಡಾಂಬರು ಒಂದು ಉದ್ದನೆಯ ತುರಿಮಣೆ. 50 ಕಿಲೋಮೀಟರ್ ವೇಗದಲ್ಲಿ ಬಿದ್ದ ಮೈ ನಿಲ್ಲುವವರೆಗೆ ಸುಮಾರು 16 ಮೀಟರ್, ಎರಡು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಅದರ ಮೇಲೆ ಉಜ್ಜಿಕೊಂಡು ಹೋಗುತ್ತದೆ. 80ರಲ್ಲಾದರೆ 40 ಮೀಟರ್ ದಾಟುತ್ತದೆ. ಸಾಮಾನ್ಯ ಜೀನ್ಸ್ ಬಟ್ಟೆ ಪ್ರಯೋಗಾಲಯದ ಉಜ್ಜುಯಂತ್ರದಲ್ಲಿ ಒಂದು ಸೆಕೆಂಡಿನ ಆಸುಪಾಸಿನಲ್ಲೇ ಹರಿದು ತೂತಾಗುತ್ತದೆ. ನೈಲಾನಿನ ತೆಳು ಮಳೆಕೋಟು, ಟ್ರ್ಯಾಕ್ ಪ್ಯಾಂಟುಗಳದ್ದು ಇನ್ನೊಂದು ಗೋಳು: ತಿಕ್ಕಾಟದ ಬಿಸಿಗೆ ಕರಗಿ ಗಾಯಕ್ಕೆ ಅಂಟುತ್ತವೆ. ಇಲ್ಲಿ ಬೇಕಾದದ್ದು ದೂರದ ಬದಲು ಹೊತ್ತು. ದಪ್ಪ ಚರ್ಮ, 1965ರಲ್ಲಿ ಸ್ಟೆಫನಿ ಕ್ವೋಲೆಕ್ ಎಂಬ ರಸಾಯನಶಾಸ್ತ್ರಜ್ಞೆಯ ಶೋಧದಿಂದ ಹುಟ್ಟಿದ ಕೆವ್ಲಾರ್ ಎಳೆ, ಒತ್ತಾಗಿ ನೇಯ್ದ ಬಲವಾದ ನೈಲಾನ್ ಆ ಹೊತ್ತನ್ನು ಕೊಡುತ್ತವೆ. ಹೊಲಿಗೆಯೂ ಬಟ್ಟೆಯಷ್ಟೇ ಬಾಳಬೇಕು. ಹೊಲಿಗೆ ಬಿಚ್ಚಿದರೆ ಚರ್ಮದ ಜಾಕೆಟ್ಟೂ ವ್ಯರ್ಥ.

ಈ ಉಡುಪುಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ ಎಂದು ಆಸ್ಟ್ರೇಲಿಯಾದ ಸಂಶೋಧಕಿ ಲಿಜ್ ಡಿ ರೋಮ್ ಮತ್ತು ಸಂಗಡಿಗರು ಅಪಘಾತಕ್ಕೆ ಸಿಕ್ಕಿದ 212 ಸವಾರರನ್ನು ಪರಿಶೀಲಿಸಿ 2011ರಲ್ಲಿ ಬರೆದ ಅಧ್ಯಯನ ಬಹಳ ಪ್ರಾಮಾಣಿಕವಾದದ್ದು. ಬೈಕಿಗೆಂದೇ ಮಾಡಿದ ಜಾಕೆಟ್ ತೊಟ್ಟವರು ಆಸ್ಪತ್ರೆಗೆ ದಾಖಲಾಗುವ ಸಾಧ್ಯತೆ ಶೇ. 21, ಪ್ಯಾಂಟ್ ತೊಟ್ಟವರದು ಶೇ. 51, ಕೈಗವಸು ಹಾಕಿದವರದು ಶೇ. 59 ಕಡಿಮೆ. ಜೊತೆಗೇ ಅವರು ಇನ್ನೊಂದನ್ನೂ ಹೇಳಿದರು: ಪರೀಕ್ಷಿಸಿದ ಜಾಕೆಟ್, ಪ್ಯಾಂಟ್, ಕೈಗವಸುಗಳಲ್ಲಿ ನಾಲ್ಕರಲ್ಲಿ ಒಂದಕ್ಕೂ ಹೆಚ್ಚು ಹರಿದು ಸೋತಿದ್ದವು. ಬೈಕ್ ಜಾಕೆಟ್ ಎಂದು ಮಾರುವುದೆಲ್ಲ ಬೈಕ್ ಜಾಕೆಟ್ ಅಲ್ಲ. ಹಾಗಾಗಿ ಒಳಗಿನ ಪಟ್ಟಿಯಲ್ಲಿ ಇಎನ್ 17092 ಎಂಬ ಸಂಖ್ಯೆಯನ್ನೂ ಅದರ ದರ್ಜೆಯನ್ನೂ ಹುಡುಕಬೇಕು. ಎಎಎ ಅತಿ ಬಲವಾದದ್ದು, ಬಿಸಿಯೂ ಹೆಚ್ಚು. ಊರೊಳಗಿನ ಓಡಾಟಕ್ಕೆ, ನಮ್ಮ ಹವೆಗೆ, ಜಾಳಿಗೆ ಬಟ್ಟೆಯ ಎ ದರ್ಜೆಯನ್ನು ದಿನವೂ ತೊಡುವುದು, ಎಎಎ ಕೊಂಡು ಬೀರುವಿನಲ್ಲಿ ತೂಗುಹಾಕುವುದಕ್ಕಿಂತ ಎಷ್ಟೋ ಮೇಲು. ಭುಜ, ಮೊಣಕೈ, ಮೊಣಕಾಲಿನ ಪ್ಯಾಡುಗಳ ಮೇಲೆ ಇಎನ್ 1621 ಇರಬೇಕು. ಅವುಗಳ ಪರೀಕ್ಷೆಯಲ್ಲಿ 50 ಜೂಲ್ ಏಟು ಕೊಟ್ಟು ಆಚೆ ಬದಿಗೆ ದಾಟುವ ಬಲವನ್ನು ಅಳೆಯುತ್ತಾರೆ. ಕೈಕಾಲಿನ ಪ್ಯಾಡಿಗೆ ಒಂದನೇ ಮಟ್ಟದಲ್ಲಿ ಸರಾಸರಿ 35 ಕಿಲೋನ್ಯೂಟನ್ ಮೀರುವಂತಿಲ್ಲ, ಎರಡನೇ ಮಟ್ಟದಲ್ಲಿ 20. ಬೆನ್ನಿನದಕ್ಕೆ ಕ್ರಮವಾಗಿ 18 ಮತ್ತು 9. ಎರಡನೇ ಮಟ್ಟದ್ದನ್ನು ಕೊಳ್ಳಿ. ಜಾಕೆಟ್ ಜೊತೆ ಬರುವ ಬೆನ್ನಿನ ಪ್ಯಾಡ್ ಎಷ್ಟೋ ಸಲ ಬರೀ ಸ್ಪಂಜು, ಅದನ್ನು ತೆಗೆದು ಬೇರೆ ಹಾಕಬೇಕು.

ಬೀಳುವಾಗ ಕೈ ತಾನಾಗಿ ಮುಂದೆ ಹೋಗುತ್ತದೆ, ಅದು ನಮ್ಮ ಹತೋಟಿಯಲ್ಲಿಲ್ಲ. ಅಂಗೈ ನೆಲಕ್ಕೆ ಸಿಕ್ಕಿ ನಿಂತು, ಹಿಂದಿನಿಂದ ಮೈಭಾರ ಬಂದು ಮಣಿಕಟ್ಟಿನ ಸಣ್ಣ ಮೂಳೆ ಮುರಿಯುತ್ತದೆ. ಕೈಗವಸಿನ ಅಂಗೈ ಬುಡದಲ್ಲಿ ನಯವಾದ ಗಟ್ಟಿ ತುಂಡೊಂದನ್ನು ಇಟ್ಟಿರುವುದು ಅಲ್ಲಿ ಕೈ ಸಿಕ್ಕದೆ ಜಾರಲಿ ಎಂದು. ಕಾಲಿಗೆ ಬೂಟು ಕೊಳ್ಳಲು ಆಗದವರಿಗೆ ಅದೇ ಅಧ್ಯಯನ ಒಂದು ದಾರಿ ತೋರಿಸುತ್ತದೆ: ಬೈಕಿನದಲ್ಲದ ಸಾಮಾನ್ಯ ಬೂಟು ಕೂಡ, ಶೂಗಳಿಗೆ ಹೋಲಿಸಿದರೆ, ಪಾದದ ಗಾಯವನ್ನು ಅರ್ಧಕ್ಕಿಂತ ಕೆಳಗಿಳಿಸಿತ್ತು. ಕಾರ್ಖಾನೆಗಳಲ್ಲಿ ಹಾಕುವ, ಹರಡು ಮುಚ್ಚುವ ಸೇಫ್ಟಿ ಶೂ ನಮ್ಮ ಪೇಟೆಗಳಲ್ಲಿ ಸಿಗುತ್ತದೆ. ಹವಾಯಿ ಚಪ್ಪಲಿಯಲ್ಲಿ ಗೇರ್ ಬದಲಿಸುವ ಕಾಲಿಗೆ ಅದು ದೊಡ್ಡ ಉಪಕಾರ.

ಬೈಕಿಗೆ ತೊಡಿಸುವ ರಕ್ಷಣೆಯಲ್ಲಿ ಯಾರನ್ನು ಕಾಪಾಡಲು ಯಾವುದು ಎಂಬುದನ್ನು ಬಿಡಿಸಿ ನೋಡಬೇಕು. ಕ್ರ್ಯಾಶ್ ಗಾರ್ಡ್ ಹಾಕಿಸಿದರೆ ಕಾಲು ಉಳಿಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಲಾಸ್ ಏಂಜಲೀಸ್ ಸುತ್ತ ಸುಮಾರು 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಪರಿಶೀಲಿಸಿ ಹ್ಯಾರಿ ಹರ್ಟ್ 1981ರಲ್ಲಿ ಕೊಟ್ಟ ವರದಿ ಇದನ್ನು ಅಳೆದು ನೋಡಿತ್ತು. ಗಾರ್ಡ್ ಇದ್ದ ಬೈಕುಗಳಲ್ಲಿ ಹರಡು ಮತ್ತು ಪಾದದ ಗಾಯ ಕಡಿಮೆಯಿತ್ತು, ಆದರೆ ತೊಡೆ, ಮೊಣಕಾಲು, ಮೀನಖಂಡದ ಗಾಯ ಅಷ್ಟೇ ಹೆಚ್ಚಿತ್ತು. ಲೆಕ್ಕ ಸರಿಹೋಗಿತ್ತು, ಲಾಭವಿರಲಿಲ್ಲ. ನಿಂತ ಗಾಡಿ ಉರುಳಿದಾಗ, ನಿಧಾನದಲ್ಲಿ ಜಾರಿದಾಗ ಗಾರ್ಡ್ ಎಂಜಿನ್ನನ್ನೂ ಟ್ಯಾಂಕನ್ನೂ ಉಳಿಸುತ್ತದೆ, ಅಷ್ಟಕ್ಕೆ ಹಾಕಿಸಿಕೊಳ್ಳಿ. ಅದರಲ್ಲೂ ಬಾಗುವಂಥದ್ದು ಇರಲಿ. ಎರಡಿಂಚಿನ ದಪ್ಪ ಪೈಪನ್ನು ವೆಲ್ಡ್ ಮಾಡಿಸಿದರೆ ಅದು ತಾನು ಬಾಗದೆ ಏಟನ್ನು ನೇರವಾಗಿ ಚಾಸಿಗೆ ಸಾಗಿಸುತ್ತದೆ. ಗಾರ್ಡ್ ಬದಲಿಸುವುದು ಅಗ್ಗ, ಸೊಟ್ಟಗಾದ ಚಾಸಿಯನ್ನು ನೇರ ಮಾಡುವುದು ಬಲು ದುಬಾರಿ.

ಸೀರೆ ಗಾರ್ಡ್ ಹಾಗಲ್ಲ, ಅದು ಮನುಷ್ಯರಿಗೆ. ಹಿಂದಿನ ಸವಾರರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಗಾಲಿಯ ಅರ್ಧಭಾಗವಾದರೂ ಮುಚ್ಚಿರಬೇಕು, ಹಿಡಿಕೆ ಮತ್ತು ಕಾಲಿಡುವ ಜಾಗ ಇರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಚೆಂದಕ್ಕಾಗಿ ಅದನ್ನು ಬಿಚ್ಚಿಸುವವರಿದ್ದಾರೆ. ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡು ಕತ್ತು ಬಿಗಿದು ಸತ್ತ ಹೆಣ್ಣುಮಕ್ಕಳ ಪ್ರಕರಣಗಳು ನಮ್ಮ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಆ ಗಾರ್ಡನ್ನು ಬಿಚ್ಚಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಹೊಸ ಬೈಕ್ ಕೊಳ್ಳುವವರು ಅಲಂಕಾರದ ಸಾಮಾನಿಗೆ ಇಟ್ಟ ಹಣವನ್ನು ಎಬಿಎಸ್ ಇರುವ ಮಾದರಿಗೆ ಹಾಕುವುದು ಜಾಣತನ. ಗಕ್ಕನೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ ಜಾರುವುದನ್ನು ಅದು ತಡೆಯುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೂ ಅದು ಕಡ್ಡಾಯ.

ಕೊನೆಯದಾಗಿ, ರಸ್ತೆಯಲ್ಲಿ ಬಿದ್ದಿರುವ ಬೇರೊಬ್ಬ ಸವಾರರ ಹೆಲ್ಮೆಟ್. ನೆರವಿಗೆ ಓಡುವ ಜನ ಮೊದಲು ಅದನ್ನು ಎಳೆದು ತೆಗೆಯುತ್ತಾರೆ. ಕತ್ತಿನ ಮೂಳೆ ಮುರಿದಿದ್ದರೆ ಆ ಎಳೆತವೇ ಬೆನ್ನುಹುರಿಯನ್ನು ಕತ್ತರಿಸಬಹುದು. ಬಿದ್ದವರು ಉಸಿರಾಡುತ್ತಿದ್ದರೆ ವೈಸರ್ ಮಾತ್ರ ಎತ್ತಿ, ಮಾತಾಡಿಸುತ್ತ, ತಲೆ ಅಲುಗದಂತೆ ಹಿಡಿದುಕೊಂಡು 108ಕ್ಕೆ ಫೋನ್ ಮಾಡಿಸಿ. ಉಸಿರು ಕಟ್ಟಿದೆ, ವಾಂತಿ ಬಂದಿದೆ ಎಂದಾದರೆ ಮಾತ್ರ ತೆಗೆಯಬೇಕು, ಅದೂ ಇಬ್ಬರು ಸೇರಿ. ಸ್ಟ್ರ್ಯಾಪ್ ಬಿಚ್ಚಿ ಅಥವಾ ಕತ್ತರಿಸಿ, ಒಬ್ಬರು ಕೆಳಗಿನಿಂದ ಒಂದು ಕೈಯಲ್ಲಿ ಹಿಂಗತ್ತನ್ನೂ ಇನ್ನೊಂದು ಕೈಯಲ್ಲಿ ದವಡೆಯನ್ನೂ ಭದ್ರವಾಗಿ ಹಿಡಿಯಬೇಕು. ಇನ್ನೊಬ್ಬರು ತಲೆಯ ಕಡೆ ಮಂಡಿಯೂರಿ, ಹೆಲ್ಮೆಟ್ಟಿನ ಎರಡು ಬದಿಯನ್ನು ಅಗಲಿಸಿ, ಮೂಗಿಗೆ ತಾಗದಂತೆ ತುಸು ಹಿಂದಕ್ಕೆ ಓರೆ ಮಾಡಿ, ನಿಧಾನವಾಗಿ ಎಳೆಯಬೇಕು. ತಲೆ ಹೊರಬಂದ ಕೂಡಲೇ ಅದು ನೆಲಕ್ಕೆ ಬೀಳದಂತೆ ಹಿಡಿದವರು ಆಂಬ್ಯುಲೆನ್ಸ್ ಬರುವವರೆಗೂ ಕೈ ಬಿಡಬಾರದು. ಪೊಲೀಸ್ ಕೇಸಿನ ಭಯಕ್ಕೆ ಹಿಂದೆ ಸರಿಯಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ, ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ, ಅದರಡಿಯ ನಿಯಮಗಳು ಹೆಸರು ವಿಳಾಸ ಕೊಡಲೇಬೇಕೆಂಬ ಒತ್ತಾಯವನ್ನೂ ತಪ್ಪಿಸುತ್ತವೆ.